ಡಯೆಟ್ ಚಾರ್ಟ್ ಕೊಡೂ ಮೊದ್ಲ "ನಿಮ್ಗ ಏನ್ ಒಗ್ಗತೈತಿ" ಅಂತ ಯಾರರ ಕೇಳ್ಯಾರೇನ್ರಿ?

ನವನಗರದಾಕಿ (ಬಾಗಲಕೋಟೆ)
ಎಲ್ಲಾರಿಗೂ ನಮಸ್ಕಾರ್ರಿ. ಹೋದ ತಿಂಗಳ ರಕ್ತ ತಪಾಸಣಿ ಮಾಡ್ಸಿದಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರಿ ಲೆಕ್ಕ) 6.1 ಬಂತು. "ಇನ್ನೂ ಸಕ್ಕರಿ ಬ್ಯಾನಿ ಅಲ್ಲ, ಬಾರ್ಡರ್ ಮ್ಯಾಲ ಅದೀರಿ. ಸದ್ಯಕ್ಕ ಗುಳಿಗಿ ಬ್ಯಾಡ, ತೂಕ ಇಳಿಸ್ರಿ" ಅಂದ್ರು ಡಾಕ್ಟರ್. ಅಲ್ಲಿಂದ ಡಯೆಟ್ ಹೇಳೋರ ಕಡೆ ಕಳ್ಸಿದ್ರು. ಅವ್ರು ಕೊಟ್ಟ ಛಾಪಿಸಿದ ಹಾಳ್ಯಾಗ ಮುಂಜಾನೆ ಓಟ್ಸ್, ಮಧ್ಯಾಹ್ನ ಬ್ರೌನ್ ರೈಸ್, ಸಂಜಿಗೆ ಗ್ರೀನ್ ಟೀ, ರಾತ್ರಿ ಬ್ರೊಕೋಲಿ ಸೂಪು. ಕೆಳಗ "ದಿನಾ 1 ತಾಸು ಜಿಮ್" ಅಂತ ಪೆನ್ನಿಲೆ ಬರದಾರ.

ನಮ್ಮ ಮನ್ಯಾಗ ಆರು ಮಂದಿ. ಎರಡೂ ಹೊತ್ತು ಜೋಳದ ರೊಟ್ಟಿ ಬಡಿಯೋದು. ಅಡಗಿ ಉಸ್ತುವಾರಿ ನಮ್ಮ ಅತ್ತಿಯವ್ರದು. ನಾ ಆಫೀಸ್ ಮುಗ್ಸಿ ಮನಿ ಮುಟ್ಟೂದ್ರಾಗ ಆರೂವರಿ ಆಗಿರ್ತೈತಿ. ಜಿಮ್ಮಿಗೆ ಹೋಗು ಮನಸ್ಸೂ ಇಲ್ಲ, ಹೊತ್ತೂ ಇಲ್ಲ. ಆದ್ರ ನಡೀಲಿಕ್ಕೆ ಭಾಳ ಇಷ್ಟ. ಇದನ್ನ ಹೇಳಾಕ ಅಲ್ಲಿ ಸಂದು ಸಿಗಲಿಲ್ಲ, ಹೊರಗ ಪಾಳಿ ಹಚ್ಚಿ ಮಂದಿ ನಿಂತಿದ್ರು.

ನನ್ನ ಪ್ರಶ್ನಿ ಇಷ್ಟ: ನಿಮ್ಮ ಡಾಕ್ಟರ್ ಆಗ್ಲಿ ಡಯೆಟಿಷಿಯನ್ ಆಗ್ಲಿ ನೀವು ಏನ್ ತಿಂತೀರಿ, ಯಾವ ವ್ಯಾಯಾಮ ಮಾಡ್ಲಿಕ್ಕೆ ತಯಾರ್ ಅದೀರಿ ಅಂತ ಕೇಳಿ ಆಮ್ಯಾಲ ಚಾರ್ಟ್ ಮಾಡ್ಯಾರೇನು? ನಿಮ್ಗ ಎಂಥಾದ್ದು ಕೈ ಹತ್ತೇತಿ?

ಡೋಣಿ_ದಂಡಿ (ವಿಜಯಪುರ)
ಓಟ್ಸ್ ಬಿಡ್ರಿ ಅಕ್ಕಾರ, ಜೋಳದ ನುಚ್ಚು, ಮಜ್ಜಿಗಿ ಸಾಕು. ನಮ್ಮ ಮಾಲದಂಡಿ ಜೋಳ ಬಿಟ್ಟು ಡಬ್ಬಿಯೊಳಗಿನ ತೌಡು ಯಾಕ ತಿನ್ಬೇಕು?

ವ್ಯಾಕ್ಸಿನ್_ಡಿಪೋ_ನಡಿಗೆ (ಬೆಳಗಾವಿ)
ನನಗ ಕೇಳಿದ್ರು. ಮೊದಲ ಡಾಕ್ಟರ್ ಅಲ್ಲ, ಎರಡನೇದವ್ರು. ಮೊದಲಿನವ್ರ ಚಾರ್ಟ್ ನಿಮ್ಮಂಗ ಇತ್ತು, ಹಬ್ಬ ಬರೂದ್ರಾಗ ಹಳೇ ಊಟಕ್ಕ ಬಂದಿದ್ದೆ. ಎರಡನೇದವ್ರು ಕುಂಡ್ರಿಸಿ ಕೇಳಿದ್ದು ನನಗ ಇನ್ನೂ ನೆನಪೈತಿ: "ನಿನ್ನೆ ಎದ್ದಾಗಿಂದ ಮಲಗೂ ತನಕ ಬಾಯಾಗ ಹೋಗಿದ್ದೆಲ್ಲಾ ಹೇಳ್ರಿ, ಚಹಾ ಸುದ್ದಾ ಬಿಡಬ್ಯಾಡ್ರಿ." ಹೇಳ್ಕೋತ ಹೋದ್ಹಂಗ ಅವ್ರು ಬರ್ಕೊಂಡ್ರು. ದಿನಕ್ಕ ಐದು ಕಪ್ಪು ಚಹಾ, ಒಂದೊಂದಕ್ಕ ಎರಡು ಚಮಚಿ ಸಕ್ಕರಿ. "ಒಂದು ಚಮಚಿ ಸಕ್ಕರಿ ಅಂದ್ರ 20 ಕ್ಯಾಲರಿ ಹಿಡೀರಿ, ಹತ್ತು ಚಮಚಿಗೆ 200 ಆತು. ರೊಟ್ಟಿ ಮುಟ್ಟೂದು ಬ್ಯಾಡ, ಇದ್ರಾಗ ಏನ್ ಬಿಡಬಲ್ಲಿರಿ ಹೇಳ್ರಿ" ಅಂದ್ರು. ನಾ ಎರಡು ಕಪ್ಪು ಬಿಡ್ತೀನಿ, ಉಳಿದದ್ದಕ್ಕ ಅರ್ಧ ಚಮಚಿ ಹಾಕ್ತೀನಿ ಅಂದೆ. ಬರ್ಕೊಂಡು ಸಹಿ ಮಾಡಿಸ್ಕೊಂಡ್ರು!

ನಡಿಗಿ ವಿಷಯಾನೂ ಹಂಗ. "ಒಬ್ರ ನಡೀತೀರೋ, ಜೋಡಿ ಬೇಕೋ?" ಅಂತ ಕೇಳಿದ್ರು. ನನಗ ಒಬ್ಬನ ಬೇಕು. ಮುಂಜಾನೆ ಟಿಳಕವಾಡಿ ವ್ಯಾಕ್ಸಿನ್ ಡಿಪೋದಾಗ ಗಿಡಗಳ ನಡುವ ಹೋಗ್ತೀನಿ. ನಮ್ಮ ಓಣಿಯವ್ರು ಗುಂಪು ಮಾಡಿಕೊಂಡು ಹೋಗ್ತಾರ, ಅವ್ರಿಗೆ ಮಾತಿಲ್ದ ಕಾಲು ಎದ್ದು ಬರೂದಿಲ್ಲ. ಅದೂ ತಪ್ಪಲ್ಲ.

ಗಟ್ಟಿಮೈ_ಮುಧೋಳ
ಎಲ್ಲಾರೂ ಸಿಟ್ಟಾಗಬ್ಯಾಡ್ರಿ, ನೇರ ಹೇಳ್ತೀನಿ. ನಾ ಜಿಮ್‌ನ್ಯಾಗ ಕಲಿಸಾಂವ. ಇಷ್ಟ ಕೇಳಿ ಕೇಳಿ ಪ್ಲಾನ್ ಮಾಡಿದ್ರ ಯಾರ ತೂಕಾನೂ ಇಳಿಯೂದಿಲ್ಲ. ಇಷ್ಟಪಟ್ಟು ತಿಂದದ್ದಕ್ಕ ಅಲ್ಲೇನ್ರಿ ತೂಕ ಬಂದಿದ್ದು? ಜ್ವರ ಬಂದಾಗ "ಯಾವ ಗುಳಿಗಿ ಇಷ್ಟ" ಅಂತ ಡಾಕ್ಟರ್ ಕೇಳ್ತಾರೇನು? ಶಿಸ್ತು ಬೇಕು. ರೊಟ್ಟಿ, ಅನ್ನ ಬಂದ್ ಮಾಡಿ ತತ್ತಿ, ಪನೀರ್, ಕಾಳು ತಿಂದೋರು ನನ್ನ ಕಣ್ಣ ಮುಂದ ಇಳಿದಾರ.

ಊಟ_ಸಲಹೆ (ಬೆಳಗಾವಿ, ಡಯೆಟಿಷಿಯನ್)
ನವನಗರದ ಅಕ್ಕಾರಿಗೆ ಉತ್ತರ ಹೇಳ್ತೀನಿ.

ಅಕ್ಕಾರ, ಛಾಪಿಸಿದ ಚಾರ್ಟ್ ಕೊಡೋದು ಯಾಕಂದ್ರೆ ಒಪಿಡಿಯಲ್ಲಿ ಒಬ್ಬರಿಗೆ ಸಿಗೋ ಹೊತ್ತು ಅಷ್ಟೇ. ಆ ಚಾರ್ಟ್ ಬಹಳ ಸಲ ಯಾವುದೋ ಪುಸ್ತಕದಿಂದ ಬಂದಿರ್ತದೆ. ಅದು ಸರಿ ಅಂತ ನಾನು ಹೇಳೋದಿಲ್ಲ. ನೀವು ಮುಂದಿನ ಸಲ ಹೋಗುವಾಗ ಮೂರು ದಿನ ತಿಂದಿದ್ದನ್ನ ಬರೆದುಕೊಂಡು ಹೋಗ್ರಿ, ಅದ್ರಲ್ಲಿ ಒಂದು ಭಾನುವಾರ ಇರ್ಲಿ. ಜೊತೆಗೆ ಬರೀಬೇಕಾದ್ದು: ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಬರ್ತದೆ, ಎಷ್ಟು ಮಂದಿ ಊಟ ಮಾಡ್ತೀರಿ. ಇದು ಕೈಯಲ್ಲಿ ಇದ್ರೆ ನಮಗೆ ಐದು ನಿಮಿಷದಲ್ಲಿ ಕೆಲಸ ಆಗ್ತದೆ. ಕೊಡೋ ಊಟ ನಿಮ್ಮ ಅಡುಗೆಮನೆಯದೇ ಆಗ್ತದೆ.

ಈಗ ಜೋಳದ ವಿಷಯ. "ರೊಟ್ಟಿ ತಿಂದ್ರೆ ದಪ್ಪ ಆಗೂದಿಲ್ಲ" ಅಂತ ನಮ್ಮ ಕಡೆ ಎಲ್ಲಾರೂ ನಂಬ್ಯಾರ. ಕ್ಯಾಲರಿ ಲೆಕ್ಕದಲ್ಲಿ ಜೋಳದ ಹಿಟ್ಟು, ಅಕ್ಕಿ ಎರಡೂ ಹತ್ತಿರ ಹತ್ತಿರ, 100 ಗ್ರಾಂಗೆ 330ರಿಂದ 360ರ ಒಳಗೆ. ವ್ಯತ್ಯಾಸ ನಾರಿನದು. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಆಸುಪಾಸು. ಅದಕ್ಕೇ ಎರಡು ರೊಟ್ಟಿಗೆ ಹೊಟ್ಟೆ ತುಂಬಿದಂಗಾಗ್ತದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಅಂದ್ರೆ 170 ಕ್ಯಾಲರಿ ಹತ್ರ. ಮೂರು ತಿಂದಲ್ಲಿ ಎರಡು ತಿಂದು, ಆ ಜಾಗಕ್ಕೆ ಮಡಕಿ ಕಾಳು ಇಲ್ಲಾ ಹೆಸರು ಕಾಳಿನ ಪಲ್ಯ ಹೆಚ್ಚು ಮಾಡ್ರಿ.

ತೂಕ ಏರಿಸೋದು ಪಕ್ಕದಲ್ಲಿ ಕೂತಿರ್ತದೆ. ಎಣಗಾಯಿ ಎಣ್ಣೆ, ಶೇಂಗಾ ಹಿಂಡಿ, ಅದರ ಮೇಲೆ ಮತ್ತೆ ಸುರಿಯೋ ಎಣ್ಣೆ. ಶೇಂಗಾ ಒಳ್ಳೇದೇ, ಪ್ರೊಟೀನ್ ಅದೆ. ಆದ್ರೆ 100 ಗ್ರಾಂಗೆ 500 ಕ್ಯಾಲರಿ ಮೀರ್ತದೆ. ಚಮಚದಲ್ಲಿ ಅಳೆದು ಹಾಕ್ಕೊಳ್ರಿ, ಬಿಡಬೇಡ್ರಿ. ಅಗಸಿ ಹಿಂಡಿಗೂ ಇದೇ ಮಾತು. ಅಡುಗೆ ಎಣ್ಣೆ ಒಬ್ಬರಿಗೆ ದಿನಕ್ಕೆ ಮೂರು ಚಿಕ್ಕ ಚಮಚ ಹಿಡಿದ್ರೆ ತಿಂಗಳಿಗೆ ಅರ್ಧ ಲೀಟರ್ ಒಳಗೇ ಬರ್ತದೆ. ಆರು ಮಂದಿಗೆ ಮೂರು ಲೀಟರ್. ನಿಮ್ಮ ಮನೆಗೆ ಎಷ್ಟು ಬರ್ತದೆ ನೋಡ್ರಿ.

ನವನಗರದಾಕಿ
ಐದು ಲೀಟರಿನ ಕ್ಯಾನು ತಿಂಗಳ ತುಂಬೂ ಮೊದ್ಲ ಮುಗೀತೈತ್ರಿ ಮೇಡಂ.

ಊಟ_ಸಲಹೆ
ಹಂಗಾದ್ರೆ ಬ್ರೊಕೋಲಿ ಹುಡುಕೋ ಮೊದಲು ಅಲ್ಲಿಂದ ಶುರು ಮಾಡ್ರಿ. ಒಗ್ಗರಣೆಗೆ ಎಣ್ಣೆ ಕ್ಯಾನಿನಿಂದ ನೇರ ಸುರೀಬೇಡ್ರಿ. ಸಣ್ಣ ಡಬ್ಬಿಗೆ ಎರಡು ದಿನದ ಅಳತೆ ತೆಗೆದಿಟ್ಟು ಅದರಿಂದಲೇ ಬಳಸ್ರಿ.

ಪಿಜಿ_ಡಾಕ್ಟರ್ (ಬೆಳಗಾವಿ)
ಮುಧೋಳದ ಗೆಳೆಯರ ವಾದಕ್ಕೆ ಬೆಂಬಲ ಕೊಡುವ ಒಂದು ಅಧ್ಯಯನ ನಾನೇ ಹೇಳ್ತೀನಿ, ಆಮೇಲೆ ಯಾಕೆ ಅದು ಪೂರ್ತಿ ಅವರ ಕಡೆ ಇಲ್ಲ ಅನ್ನೋದನ್ನೂ.

ಅಮೆರಿಕದ ಡರಮ್‌ನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿದರು. 2015ರಲ್ಲಿ ಪ್ರಕಟ ಆಯ್ತು. ಸುಮಾರು 200 ಜನ. ಅರ್ಧ ಜನರಿಗೆ "ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಕಡಿಮೆ ಊಟ ಬೇಕೋ, ಕೊಬ್ಬು ಕಡಿಮೆ ಊಟ ಬೇಕೋ, ನೀವೇ ಆರಿಸ್ಕೊಳ್ಳಿ" ಅಂದರು. ಉಳಿದವರಿಗೆ ಚೀಟಿ ಎತ್ತಿದ ಹಾಗೆ ಯಾವುದೋ ಒಂದನ್ನು ಕೊಟ್ಟರು. 48 ವಾರ ಆದ ಮೇಲೆ ಆರಿಸಿಕೊಂಡವರು ಸರಾಸರಿ 5.7 ಕೆಜಿ, ಆಯ್ಕೆ ಇಲ್ಲದವರು 6.7 ಕೆಜಿ ಇಳಿದಿದ್ದರು. ಅಂದರೆ ಆಯ್ಕೆ ಕೊಟ್ಟಿದ್ದರಿಂದ ಲಾಭ ಆಗಲಿಲ್ಲ.

ಗಟ್ಟಿಮೈ_ಮುಧೋಳ
ನೋಡ್ರಿ, ನಾ ಹೇಳಿದ್ದ ಅಲ್ಲೇನು!

ಪಿಜಿ_ಡಾಕ್ಟರ್
ತಡೀರಿ, ಮುಗಿದಿಲ್ಲ. ಅಲ್ಲಿ ಎರಡೂ ಗುಂಪಿಗೆ ಗುಂಪು ಸಭೆ, ಫೋನ್ ಮಾಡಿ ವಿಚಾರಿಸೋದು ಎಲ್ಲ ಸಮ ಇತ್ತು. ಆಯ್ಕೆ ಇದ್ದದ್ದು ಎರಡೇ ಊಟದ ನಡುವೆ. "ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ, ಸಂಜೆ ಎಷ್ಟು ಹೊತ್ತು ಸಿಗ್ತದೆ" ಅನ್ನೋ ಮಟ್ಟದ ಆಯ್ಕೆ ಅಲ್ಲ ಅದು.

ಇನ್ನೊಂದು ಕೇಳಿ. 2005ರಲ್ಲಿ ಪ್ರಕಟವಾದ ಪ್ರಯೋಗ, 160 ಜನ, ನಾಲ್ಕು ಪ್ರಸಿದ್ಧ ಡಯೆಟ್‌ಗಳು. ತೂಕ ಇಳಿಯೋದಕ್ಕೆ ಯಾವ ಡಯೆಟ್ ಅನ್ನೋದಕ್ಕಿಂತ ಎಷ್ಟು ಬಿಡದೆ ಪಾಲಿಸಿದರು ಅನ್ನೋದೇ ಹೆಚ್ಚು ಲೆಕ್ಕಕ್ಕೆ ಬಂತು. ತೀರಾ ಕಟ್ಟುನಿಟ್ಟಿನ ಎರಡು ಡಯೆಟ್ಟಿನಲ್ಲಿ ಅರ್ಧದಷ್ಟು ಜನ ವರ್ಷ ಮುಗಿಯೋ ಮೊದಲೇ ಬಿಟ್ಟು ಹೋದರು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರ ಮೇಲೆ ಒಂದು ವರ್ಷ ನೋಡಿದಾಗಲೂ ಕೊಬ್ಬು ಕಡಿಮೆ ಗುಂಪು 5.3, ಕಾರ್ಬ್ ಕಡಿಮೆ ಗುಂಪು 6 ಕೆಜಿ. ಹೇಳಿಕೊಳ್ಳುವಂಥ ಫರಕು ಇಲ್ಲ.

ಹೀಗಾಗಿ ನನ್ನ ಅಭಿಪ್ರಾಯ: ನಾಲಿಗೆಗೆ ಏನು ಇಷ್ಟ ಅಂತ ಕೇಳೋದು ಬೇರೆ, ಐದು ವರ್ಷ ಆದ ಮೇಲೂ ನಿಮ್ಮ ಮನೆಯಲ್ಲಿ ಏನು ನಡೀತದೆ ಅಂತ ಕೇಳೋದು ಬೇರೆ. ಎರಡನೇ ಪ್ರಶ್ನೆ ಕೇಳದೆ ಚಾರ್ಟ್ ಕೊಡಬಾರದು.

ಗಟ್ಟಿಮೈ_ಮುಧೋಳ
ಪಾಲಿಸೂದು ಮುಖ್ಯ ಅನ್ನೂದು ಒಪ್ಪಿದೆ. ಆದ್ರ ಪಾಲಿಸೂದನ್ನ ಕಲಿಸಾಕ ಒಬ್ರು ಬೆನ್ನು ಹತ್ತಬೇಕು ಅನ್ನೂದು ನನ್ನ ಮಾತು. ಬಿಟ್ರ ಯಾರೂ ಮಾಡೂದಿಲ್ಲ.

ಇಳಕಲ್_ಹುಡುಗಿ
ಬೆನ್ನು ಹತ್ತೋರು ಯಾರು ಅನ್ನೂದೂ ಮುಖ್ಯರಿ ಅಣ್ಣಾ. ನಮ್ಮ ಅಕ್ಕಾಗ ಪಿಸಿಒಡಿ (ಮುಟ್ಟು ಏರುಪೇರಾಗೂ ಅಂಡಾಶಯದ ತೊಂದ್ರಿ) ಐತಿ. ಟ್ರೇನರ್ ಎಲ್ಲಾರ ಮುಂದ ತೂಕ ಒದರಿ ಹೇಳಿದ ಮ್ಯಾಲ ಆಕಿ ಜಿಮ್ಮಿನ ಕಡೆ ತಲಿ ಹಾಕ್ಲಿಲ್ಲ. ಈಗ ಮನ್ಯಾಗ ವಿಡಿಯೋ ಹಚ್ಕೊಂಡು ಮಾಡ್ತಾಳ. ಹೆಣ್ಮಕ್ಕಳಿಗೆ ಬ್ಯಾರೆ ಬ್ಯಾಚ್ ಇದ್ರ ಇವತ್ತೂ ಹೋಗ್ತೀನಿ ಅಂತಾಳ.

ಗುಮ್ಮಟದೂರು (ವಿಜಯಪುರ)
ಹೌದ್ರಿ. ಹೆಣ್ಮಕ್ಕಳಿಗೆ ವ್ಯಾಯಾಮ ಹೇಳೋರು ಒಂದು ಸಲ ನಮ್ಮ ಊರಾಗ ನಡದು ನೋಡ್ಬೇಕು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟ್ತೈತಿ, ಎಂಟು ಗಂಟೆಗೇ ಬಿಸಲು ಚುರ್ ಅಂತೈತಿ. ಮುಂಜಾನೆ ಐದೂವರಿಗೆ ಹೋಗೂಣಂದ್ರ ನಾಯಿ ಕಾಟ. ಸಂಜಿಗೆ ಹೋಗೂಣಂದ್ರ ಅಡಗಿ ಹೊತ್ತು. ಗೋಳಗುಮ್ಮಟದ ತೋಟದಾಗ ನಡೀಲಿಕ್ಕೆ ಚಂದ ಐತಿ, ನೆಳ್ಳ ಐತಿ, ಹೆಣ್ಮಕ್ಕಳು ಧೈರ್ಯದಿಂದ ನಡೀತಾರ. ಅದರ ಸನೇಕ ಇದ್ದೋರಿಗೆ ಆತು, ದೂರ ಇದ್ದೋರಿಗೆ?

ನಮ್ಮ ವೈನಿ ಏನ್ ಮಾಡಿದ್ರಂದ್ರ, ಮಾಳಿಗಿ ಮ್ಯಾಲ ನಡ್ಯಾಕ ಶುರು ಮಾಡಿದ್ರು. ಒಣ ಹಾಕಿದ ಮೆಣಸಿನಕಾಯಿ ಒಂದ್ ಬದಿ ಸರಿಸಿ, ಗ್ವಾಡಿಗುಂಟ ದಾರಿ ಮಾಡ್ಕೊಂಡಾರ. ಫೋನಿನ್ಯಾಗ ವಚನ ಹಚ್ಚಿ ಅದು ಮುಗಿಯೂ ತನಕ ನಡೀತಾರ. ಸೀರಿ ಮ್ಯಾಲ ಶೂಸ್ ಹಾಕ್ಕೊಂಡ್ರ ಮಂದಿ ನೋಡ್ತಾರ ಅನ್ನೂ ಚಿಂತಿ ಇಲ್ಲ. ಡಾಕ್ಟರಿಗೆ ಹೇಳಿದಾಗ "ಭಾಳ ಚಲೋ, ಇದನ್ನ ಮಾಡ್ರಿ" ಅಂದ್ರಂತ. ಹೇಳಿದ್ದಕ್ಕ ಗೊತ್ತಾತು. ಹೇಳದ ಇದ್ದಿದ್ರ ಫೈಲಿನ್ಯಾಗ "ವ್ಯಾಯಾಮ ಇಲ್ಲ" ಅಂತ ಬರೀತಿದ್ರು.

ಹಳೆ_ಬಾಗಲಕೋಟಿ
ಇಲ್ಲಿ ಒಂದು ಮಾತು ಸೇರಸ್ತೀನಿ, ವಿಷಯ ಸ್ವಲ್ಪ ಆಚೆ ಹೋದ್ರೂ ಕೇಳ್ರಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಮನಿ, ಹೊಲ ಹೋದುವು. ನವನಗರಕ್ಕ ಬಂದ್ವಿ. ಊರಾಗಿದ್ದಾಗ ನಮ್ಮವ್ವ ಹೊಲಕ್ಕ ಹೋಗಾಕಿ, ಎಮ್ಮಿ ಕಟ್ಟಾಕಿ, ಹೊಳಿಗೆ ಅರಬಿ ಒಗ್ಯಾಕ ಹೋಗಾಕಿ. ತಿನ್ನೂದು ಇವತ್ತಿಗಿಂತ ಹೆಚ್ಚ ತಿಂತಿದ್ಲು, ಮೂರು ರೊಟ್ಟಿ ಸಲೀಸು. ಸೆಕ್ಟರಿನ ಮನಿಗೆ ಬಂದ ಮ್ಯಾಲ ನಳದಾಗ ನೀರು, ಹಾಲು ಪಾಕೀಟಿನ್ಯಾಗ, ಹೊಲ ಇಲ್ಲ. ಊಟ ಮಾತ್ರ ಅದ. ನೋಡ್ತಾ ನೋಡ್ತಾ ಮೊಣಕಾಲು ಹೋದುವು, ಬಿಪಿ ಬಂತು, ಸಕ್ಕರಿ ಬಂತು. ನಮ್ಮ ಓಣ್ಯಾಗ ಆಕಿ ವಯಸ್ಸಿನ ಹೆಣ್ಮಕ್ಕಳು ಭಾಳ ಮಂದಿ ಹಿಂಗ ಅದಾರ.

ಡಾಕ್ಟರ್ ಆಕಿಗೆ "ವಾಕಿಂಗ್ ಮಾಡ್ರಿ ಅಜ್ಜಿ" ಅಂತಾರ. ಅವ್ವ ಅಂತಾಳ, "ಕೆಲಸಿಲ್ದ ಸುಮ್ನ ರಸ್ತೆದಾಗ ಯಾಕ ತಿರುಗ್ಬೇಕು?" ಆಕಿ ಹೇಳೂದ್ರಾಗ ಅರ್ಥ ಐತಿ. ಜನ್ಮಪೂರ್ತಿ ಕೆಲಸಕ್ಕ ನಡದಾಕಿ ಆಕಿ. ನಾವು ಮನಿ ಹಿಂದಿನ ಖಾಲಿ ಜಾಗಾದಾಗ ಮೆಂತ್ಯ, ರಾಜಗಿರಿ, ಹಕ್ಕರಿಕಿ ಹಾಕ್ಯಾಕ ಬಿಟ್ವಿ. ಈಗ ದಿನಾ ಅಲ್ಲೇ ಬಗ್ತಾಳ, ಏಳ್ತಾಳ, ನೀರು ಹಾಕ್ತಾಳ, ಸಂಜಿಗೆ ಕಿತ್ತು ತರ್ತಾಳ. ಸಕ್ಕರಿ ಎಷ್ಟು ಇಳೀತು ಅಂತ ಕೇಳಬ್ಯಾಡ್ರಿ, ಗುಳಿಗಿನೂ ನಡದಾವ. ಆದ್ರ ಹಾಸಿಗಿ ಮ್ಯಾಲ ಕುಂಡ್ರೂದು ತಪ್ಪೇತಿ.

ವ್ಯಾಕ್ಸಿನ್_ಡಿಪೋ_ನಡಿಗೆ
ಹಳೆ ಬಾಗಲಕೋಟಿಯವ್ರ, ಇದನ್ನ ಓದಿ ಮನಸ್ಸು ತುಂಬಿ ಬಂತು. ಅವ್ವಾರಿಗೆ ನಮಸ್ಕಾರ ಹೇಳ್ರಿ.

ಜಮಖಂಡಿ_ಕಾಕಾ
ಎಲ್ಲಾರೂ ದೊಡ್ಡ ದೊಡ್ಡ ಮಾತು ಹೇಳಾಕತ್ತೀರಿ. ನಾ ಹೇಳ್ತೀನಿ, ಸಕ್ಕರಿ ಬಿಟ್ಟು ಮಹಾಲಿಂಗಪುರದ ಬೆಲ್ಲ ಹಾಕ್ಕೊಂಡ್ರ ಏನೂ ಆಗೂದಿಲ್ಲ. ನಮ್ಮ ಅಪ್ಪ 90 ದಾಟಿದ್ದ.

ಊಟ_ಸಲಹೆ
ಕಾಕಾ, ಬೆಲ್ಲದ ರುಚಿ ಬಗ್ಗೆ ನಿಮ್ಮ ಜೊತೆ ಜಗಳ ಇಲ್ಲ. ಆದ್ರೆ 100 ಗ್ರಾಂ ಬೆಲ್ಲದಲ್ಲೂ 350 ಮೀರಿ ಕ್ಯಾಲರಿ ಅದೆ, ಅದರ ಬಹುಪಾಲು ಸಕ್ಕರೆಯೇ. ರಕ್ತದಲ್ಲಿ ಸಕ್ಕರೆ ಏರಿಸೋದೂ ಹಂಗೇ. ಶುಗರ್ ಇದ್ದವರು ಬೆಲ್ಲವನ್ನ ಔಷಧ ಅಂತ ತಿನ್ನಬಾರದು. ದಯಮಾಡಿ ಈ ಮಾತನ್ನ ಯಾರಿಗೂ ಮುಂದೆ ಹೇಳಬೇಡ್ರಿ.

ಜಮಖಂಡಿ_ಕಾಕಾ
ಆತು ಬಿಡ್ರಿ ಮೇಡಂ. ಕರದಂಟಿಗೂ ಇದ ಕಾಯ್ದೆ ಏನು?

ಊಟ_ಸಲಹೆ
ಒಂದು ಸಣ್ಣ ತುಂಡು, ಹಬ್ಬಕ್ಕೆ. ಡಬ್ಬಿ ತಂದು ಮನೆಯಲ್ಲಿ ಇಡಬೇಡ್ರಿ.

ಡೋಣಿ_ದಂಡಿ
ಅಮೀನಗಡದ್ದೋ ಗೋಕಾಕದ್ದೋ? 😀

ನವನಗರದಾಕಿ
ಅದಕ್ಕ ಬ್ಯಾರೆ ಚರ್ಚೆ ತಗೀರಿ, ಕೈ ಮುಗೀತೀನಿ 🙏

ಶಹಾಪುರ_ಓಣಿ (ಬೆಳಗಾವಿ)
ನಾವು ಜೈನರು. ನಮ್ಮ ಮನೆಯಲ್ಲಿ ಹಿರಿಯರು ಸೂರ್ಯ ಮುಳುಗೋ ಮೊದಲೇ ಊಟ ಮುಗಿಸ್ತಾರೆ. ನನಗೆ ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು ಸೇರೋದು) ಅಂತ ತಿಳಿದಾಗ ಡಾಕ್ಟರ್ 16 ತಾಸು ಬಿಟ್ಟು 8 ತಾಸಿನೊಳಗೆ ಊಟ ಮಾಡೋ ಕ್ರಮ ಹೇಳಿದರು. ಗೆಳೆಯರಿಗೆ ಅದು ಶಿಕ್ಷೆ ಅನಿಸಿತು, ನನಗೆ ಮನೆಯ ಪದ್ಧತಿಗೆ ಮರಳಿದ ಹಾಗೆ ಆಯ್ತು. ಸಂಜೆ ಆರಕ್ಕೆ ಊಟ, ಮರುದಿನ ಹತ್ತಕ್ಕೆ ತಿಂಡಿ. ಅಮ್ಮನಿಗೆ ಖುಷಿಯೋ ಖುಷಿ. ಗಡ್ಡೆ ತರಕಾರಿ ನಾವು ತಿನ್ನೋದಿಲ್ಲ ಅಂತ ಮೊದಲೇ ಹೇಳಿದ್ದಕ್ಕೆ ಕಾಳು, ಮಜ್ಜಿಗೆ, ಹೀರೇಕಾಯಿ, ಸೋರೇಕಾಯಿ ಮೇಲೆ ಊಟ ಕೂಡಿಸಿಕೊಟ್ಟರು. ರೋಗಿಯ ಧರ್ಮ, ಮನೆಯ ರೂಢಿ ಕೇಳೋದಕ್ಕೆ ಎರಡು ನಿಮಿಷವೂ ಬೇಕಾಗೋದಿಲ್ಲ.

ಡೋಣಿ_ದಂಡಿ
ನಾವೂ ಸೋಮವಾರ, ಏಕಾದಶಿ ಉಪವಾಸ ಮಾಡ್ತೀವಿ, ತೂಕ ಮಾತ್ರ ಇದ್ದಲ್ಲೇ ಐತಿ.

ಊಟ_ಸಲಹೆ
ಉಪವಾಸದ ದಿನ ಏನ್ ತಿಂತೀರಿ?

ಡೋಣಿ_ದಂಡಿ
ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳಿಹಣ್ಣು, ಹಾಲು.

ಊಟ_ಸಲಹೆ
ಸಾಬೂದಾಣಿ ಅಂದ್ರೆ ಬರೀ ಪಿಷ್ಟ. ಅದಕ್ಕೆ ತುಪ್ಪ, ಶೇಂಗಾ ಪುಡಿ ಸೇರಿದ್ರೆ ಬೇರೆ ದಿನದ ಊಟಕ್ಕಿಂತ ಹೆಚ್ಚಾಗ್ತದೆ. ವ್ರತ ಮಾಡ್ರಿ, ಅದು ನಿಮ್ಮ ಶ್ರದ್ಧೆ. ತೂಕದ ಲೆಕ್ಕಕ್ಕೆ ಅದನ್ನ ಸೇರಿಸಬೇಡ್ರಿ.

ಪಿಜಿ_ಡಾಕ್ಟರ್
ಉಪವಾಸದ ಮಾತು ಬಂತು, ಒಂದು ಎಚ್ಚರಿಕೆ. ಗ್ಲಿಮಿಪಿರೈಡ್ ಇರುವ ಶುಗರ್ ಗುಳಿಗೆ ತಗೊಳ್ಳೋರು, ಇನ್ಸುಲಿನ್ ತಗೊಳ್ಳೋರು ಡಾಕ್ಟರಿಗೆ ಹೇಳದೆ 16 ತಾಸಿನ ಉಪವಾಸ ಶುರು ಮಾಡಬೇಡಿ. ಊಟ ಇಲ್ಲದೆ ಗುಳಿಗೆ ಕೆಲಸ ಮಾಡಿದರೆ ಸಕ್ಕರೆ ತೀರಾ ಇಳಿದು ಬೆವರು, ಕೈ ನಡುಕ, ಕಣ್ಣು ಮಂಜು, ಕೊನೆಗೆ ಎಚ್ಚರ ತಪ್ಪೋದೂ ಆಗ್ತದೆ. ಬರೀ ಮೆಟ್‌ಫಾರ್ಮಿನ್ ಗುಳಿಗೆ ಇದ್ದವರಿಗೆ ಆ ಅಪಾಯ ಬಹಳ ಕಡಿಮೆ. ಬಸುರಿ, ಬಾಣಂತಿಯರಿಗಂತೂ ಇದು ಬೇಡ.

ನಮ್ಮ ಇಷ್ಟ ಎಲ್ಲಿ ನಿಲ್ಲಬೇಕು ಅಂತ ಡಾಕ್ಟರ್ ಹೇಳಬೇಕಾದ್ದು ಇಂಥ ಜಾಗದಲ್ಲಿ. ಓಟ್ಸ್ ತಿನ್ನಬೇಕೋ ನುಚ್ಚು ತಿನ್ನಬೇಕೋ ಅನ್ನೋದರಲ್ಲಿ ಅಲ್ಲ.

ಇಳಕಲ್_ಹುಡುಗಿ
ಡಾಕ್ಟರ್, ಈಗ ತೂಕ ಇಳಿಸೂ ಇಂಜೆಕ್ಷನ್ ಬಂದಾವಲ್ರಿ, ಮೌಂಜಾರೋ ಅಂತ. ನಮ್ಮ ಆಫೀಸಿನ್ಯಾಗ ಒಬ್ರು ತಗೊಳಾಕತ್ತಾರ. ಡಯೆಟ್ ಬ್ಯಾಡ, ವಾಕಿಂಗ್ ಬ್ಯಾಡ, ನನಗ ಅದ ಬೇಕು ಅಂತ ರೋಗಿ ಕೇಳಿದ್ರ?

ಪಿಜಿ_ಡಾಕ್ಟರ್
ಕೇಳೋ ಹಕ್ಕು ಇದೆ. ಆ ಔಷಧ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು, ತೂಕ ಚೆನ್ನಾಗಿಯೇ ಇಳಿಸ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದವರಿಗೆ, ಇಲ್ಲವೇ 27 ದಾಟಿ ಬಿಪಿ, ಶುಗರ್‌ನಂಥ ತೊಂದರೆ ಇದ್ದವರಿಗೆ ಅಂತ ಅನುಮತಿ. ಹೊಟ್ಟೆ ತೊಳಸೋದು, ವಾಂತಿ, ಮಲಬದ್ಧತೆ ಆಗಬಹುದು. ಖರ್ಚು ಪ್ರತಿ ತಿಂಗಳು ಇರ್ತದೆ. ಇದೇ ಜಾತಿಯ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನ ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಇದನ್ನೆಲ್ಲ ಹೇಳಿದ ಮೇಲೂ ಬೇಕು ಅಂದರೆ, ಅರ್ಹತೆ ಇದ್ದರೆ, ಕೊಡೋದರಲ್ಲಿ ತಪ್ಪಿಲ್ಲ. ಊಟ, ನಡಿಗೆ ಅದರ ಜೊತೆಗೂ ಬೇಕೇ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗ್ತದೆ. ಮೆಡಿಕಲ್ ಶಾಪಿನಿಂದ ನೇರ ತಂದು ಚುಚ್ಚಿಕೊಳ್ಳೋದು ಮಾತ್ರ ಬೇಡವೇ ಬೇಡ.

ಗಟ್ಟಿಮೈ_ಮುಧೋಳ
ಸ್ನಾಯುದ ಮಾತು ಬಂತು, ಇಲ್ಲಿ ನನ್ನ ಮಾತು ಕೇಳಬೇಕಾಗತೈತಿ. ಬರೀ ನಡದ್ರ ಸಾಲೂದಿಲ್ಲ, ಭಾರ ಎತ್ತಬೇಕು. ಹೆಣ್ಮಕ್ಕಳೂ ಎತ್ತಬೇಕು.

ಫಿಸಿಯೋ_ತಮ್ಮ (ವಿಜಯಪುರ)
ಅದನ್ನ ನಾನೂ ಹೇಳ್ತೀನಿ ಅಣ್ಣಾ, ಇದ್ರಾಗ ನಿಮ್ಮ ಪರ. ವಾರಕ್ಕ 150 ನಿಮಿಷ ಜೋರು ನಡಿಗಿ, ಅದರ ಜೋಡಿ ವಾರದಾಗ ಎರಡು ದಿನ ಸ್ನಾಯು ಗಟ್ಟಿ ಮಾಡೂ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ತೈತಿ. ಆದ್ರ ಜಿಮ್ಮ ಬೇಕು ಅಂತಿಲ್ಲ. ಜೋರು ನಡಿಗಿ ಅಂದ್ರ ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟು ಉಸಿರು ಏರಬೇಕು. ಒಮ್ಮಿಗೇ 30 ನಿಮಿಷ ಆಗೂದಿಲ್ಲಂದ್ರ ಮುಂಜಾನೆ 10, ಊಟ ಆದ ಮ್ಯಾಲ 10, ಸಂಜಿಗೆ 10 ಮಾಡ್ರಿ, ಎಲ್ಲಾ ಲೆಕ್ಕಕ್ಕ ಬರತೈತಿ.

ನಮ್ಮ ಕಡೆ ಬರೂ ಮಂದಿ ಹೆಚ್ಚಾಗಿ ಮೊಣಕಾಲು ನೋವಿನವ್ರು. "ತೂಕ ಇಳಿಸಾಕ ನಡೀರಿ ಅಂತಾರ, ನಡದ್ರ ನೋವ್ತೈತಿ, ಏನ್ ಮಾಡೂದು" ಅಂತ ಕೇಳ್ತಾರ. ನಾ ಮೊದ್ಲ ಕೇಳೂದು, ಮನ್ಯಾಗ ಕೈ ಇಲ್ದ ಗಟ್ಟಿ ಕುರ್ಚಿ ಐತೇನು ಅಂತ. ಕುರ್ಚಿನ ಗ್ವಾಡಿಗೆ ಹಚ್ಚಿ ಇಡ್ರಿ. ಮುಂದಿನ ಅಂಚಿಗೆ ಸರದು ಕುಂಡ್ರಿ. ಹಿಮ್ಮಡಿ ಸ್ವಲ್ಪ ಹಿಂದಕ್ಕ, ಕಾಲು ಭುಜದಷ್ಟು ಅಗಲ. ಕೈ ಎದಿಗೆ ಕಟ್ಟಿ, ಮೈ ಮುಂದ ಬಗ್ಗಿಸಿ, ಸಾವಕಾಶ ಏಳ್ರಿ. ಕುಂಡ್ರೂವಾಗ ದೊಪ್ಪನೆ ಬೀಳಬಾರದು, ಮೂರು ಎಣಿಸ್ಕೋತ ಇಳೀಬೇಕು. ಹತ್ತು ಸಲ ಆದ್ರ ಒಂದು ಸುತ್ತು. ಕೈ ಊರದ ಏಳಾಕ ಆಗದಿದ್ರ ಕುರ್ಚಿ ಮ್ಯಾಲ ಒಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡ್ಕೊಳ್ರಿ. ರೊಟ್ಟಿ ಬಡಿಯಾಕ ನೆಲಕ್ಕ ಕುಂತು ಏಳೂ ಹೆಣ್ಮಕ್ಕಳಿಗೆ ಇದರ ಗುಣ ಲಗೂನ ಗೊತ್ತಾಗ್ತೈತಿ.

ಒಂದು ಲೆಕ್ಕ ಹೇಳಿದ್ರ ಭಾಳ ಮಂದಿಗೆ ಹುರುಪು ಬರತೈತಿ: ಮೊಣಕಾಲು ಸವೆದವ್ರು 1 ಕೆಜಿ ಇಳಿದ್ರ ಪ್ರತಿ ಹೆಜ್ಜಿಗೆ ಮೊಣಕಾಲ ಮ್ಯಾಲ ಬೀಳೂ ಭಾರ ಸುಮಾರು 4 ಕೆಜಿ ಕಡಿಮಿ ಆಗತೈತಿ.

ಗಟ್ಟಿಮೈ_ಮುಧೋಳ
ತಮ್ಮಾ, ಇದು ಬರೋಬ್ಬರಿ. ನನ್ನ ಕಡೆ ಬರೂ ಹಿರಿಯರಿಗೂ ಕುರ್ಚಿ ಏಳೂದರಿಂದನ ಶುರು ಮಾಡಸ್ತೀನಿ. ಶಿಸ್ತಿನ ವಿಷಯಕ್ಕ ಮಾತ್ರ ನನ್ನ ಮಾತು ಬದಲಿ ಇಲ್ಲ.

ಗುಮ್ಮಟದೂರು
ರೊಕ್ಕದ ಮಾತು ಯಾರೂ ತಗೀಲಿಲ್ಲ. ಡಯೆಟಿಷಿಯನ್ ಫೀಸು, ಜಿಮ್ ಫೀಸು, ಶೂಸು ಎಲ್ಲಾರಿಗೂ ಆಗೂದಿಲ್ಲ. 30 ದಾಟಿದೋರಿಗೆ ಸರ್ಕಾರಿ ಆರೋಗ್ಯ ಕೇಂದ್ರದಾಗ ಬಿಪಿ, ಶುಗರ್ ತಪಾಸಣಿ ಪುಕ್ಕಟ ಮಾಡ್ತಾರ. ಅಲ್ಲಿ ಸಿಸ್ಟರ್, ಆಶಾ ಅಕ್ಕಾರ ಜೋಡಿ ಮಾತಾಡ್ರಿ. ಅವ್ರಿಗೆ ನಮ್ಮ ಮನಿ ಊಟ ಗೊತ್ತಿರತೈತಿ.

ಊಟ_ಸಲಹೆ
ಬಹಳ ಸರಿ. ಒಂದು ಟೇಪು ಮನೆಯಲ್ಲಿ ಇಟ್ಕೊಳ್ರಿ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಬಿಎಂಐ 23 ದಾಟಿದ್ರೆ ತೂಕ ಹೆಚ್ಚು, 25 ದಾಟಿದ್ರೆ ಬೊಜ್ಜು ಅಂತ ಹಿಡೀತೀವಿ. ಕಾಟಾ ಮೇಲೆ ದಿನಾ ಹತ್ತೋದು ಕೆಲವರಿಗೆ ಹುರುಪು, ಕೆಲವರಿಗೆ ಚಿಂತೆ. ನಿಮಗೆ ಯಾವುದು ಅಂತ ಅದನ್ನೂ ಹೇಳ್ರಿ, ವಾರಕ್ಕೊಮ್ಮೆ ನೋಡಿದ್ರೂ ಸಾಕು.

ಪಿಜಿ_ಡಾಕ್ಟರ್
ನವನಗರದ ಅಕ್ಕಾರಿಗೆ ಇನ್ನೊಂದು. ನಿಮ್ಮಂಥ ಬಾರ್ಡರ್ ಸಕ್ಕರೆಯವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದ ಗುರಿ ಎರಡೇ: ತೂಕದಲ್ಲಿ 7 ಪ್ರತಿಶತ ಇಳಿಸೋದು, ವಾರಕ್ಕೆ 150 ನಿಮಿಷ ಚಟುವಟಿಕೆ. 2002ರಲ್ಲಿ ಫಲಿತಾಂಶ ಬಂದಾಗ ಡಯಾಬಿಟಿಸ್ ಬರೋ ಪ್ರಮಾಣ 58 ಪ್ರತಿಶತ ಕಡಿಮೆ ಆಗಿತ್ತು. ಚೆನ್ನೈನಲ್ಲಿ ನಮ್ಮವರ ಮೇಲೇ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಳಿಕೆ 28.5 ಪ್ರತಿಶತ. ಕಡಿಮೆ ಅನಿಸಿದರೂ ಅಲ್ಲಿ ಮೆಟ್‌ಫಾರ್ಮಿನ್ ಗುಳಿಗೆಯಿಂದ ಆದ ಇಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ತೂಕ 74 ಅಂತ ಇಟ್ಟುಕೊಂಡರೆ 5 ಕೆಜಿ ಚಿಲ್ಲರೆ ಇಳಿಸಬೇಕು, ಅಷ್ಟೇ. ಸಿನಿಮಾ ನಟಿಯಂಗೆ ಆಗಬೇಕಾಗಿಲ್ಲ.

ನವನಗರದಾಕಿ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ರಾತ್ರಿ ನಮ್ಮ ಅತ್ತಿಯವ್ರಿಗೆ ಇದನ್ನೆಲ್ಲಾ ಓದಿ ಹೇಳಿದೆ. ಎಣ್ಣಿ ಲೆಕ್ಕ ಕೇಳಿ ಅವ್ರು ಮೊದ್ಲ ಮಾರಿ ಸಣ್ಣ ಮಾಡಿದ್ರು, "ನನ್ನ ಕೈ ಅಡಗಿಗೆ ಹೆಸರು ಇಡ್ತೀಯೇನವ್ವಾ" ಅಂದ್ರು. ಮಾವಾರ ಬಿಪಿ ವಿಷಯ ತಗದ ಮ್ಯಾಲ ತಾವಾಗೇ ಒಂದು ಸಣ್ಣ ಸ್ಟೀಲ್ ಡಬ್ಬಿ ತೊಳದು ಇಟ್ರು. ಎಣಗಾಯಿಗೆ ಮೊದ್ಲ ಬದನಿಕಾಯಿ ಹಬೆಯಾಗ ಬೇಯ್ಸಿ ಆಮ್ಯಾಲ ಒಗ್ಗರಣಿ ಕೊಟ್ಟು ನೋಡೂಣು ಅಂದ್ರು. ಅದು ಅವ್ರ ವಿಚಾರ, ನಾ ಹೇಳಿದ್ದಲ್ಲ.

ಡಾಕ್ಟರ್ ಮುಂದ ಇಡಾಕ ಬರ್ಕೊಂಡೀನಿ: ಎರಡೂ ಹೊತ್ತು ಎರಡೆರಡು ರೊಟ್ಟಿ ಬೇಕು, ಅನ್ನ ರಾತ್ರಿ ಬಿಡಬಲ್ಲೆ. ಕಾಳು, ಪಚಡಿ, ಮಜ್ಜಿಗಿ ಹೆಚ್ಚ ಮಾಡ್ತೀನಿ. ಓಟ್ಸ್ ಒಗ್ಗೂದಿಲ್ಲ. ಜಿಮ್ ಆಗೂದಿಲ್ಲ, ಸಂಜಿಗೆ ಅರ್ಧ ತಾಸು ನಡೀತೀನಿ, ಜೋಡಿ ಬೇಕು. ಭಾನುವಾರ ಊರಿಗೆ ಹೋದ್ರ ಆಗೂದಿಲ್ಲ. ಇದ್ರಾಗ ಏನರ ತಪ್ಪಿದ್ರ ಹೇಳ್ರಿ.

ಊಟ_ಸಲಹೆ
ತಪ್ಪೇನಿಲ್ಲ. ಪ್ರೊಟೀನ್ ಯಾವುದ್ರಿಂದ ಬರ್ತದೆ ಅಂತ ಅವರು ಕೇಳ್ತಾರೆ. ತತ್ತಿ ತಿಂತೀರೋ ಇಲ್ಲೋ ಸೇರಿಸ್ರಿ.

ನವನಗರದಾಕಿ
ಇಲ್ರಿ ಮೇಡಂ, ನಾವು ತತ್ತಿ ತಿನ್ನೂದಿಲ್ಲ. ಮೊಸರು, ಝುಣಕ, ಕಾಳು ನಡೀತಾವ.

ಹಳೆ_ಬಾಗಲಕೋಟಿ
ತಂಗಿ, ಜೋಡಿ ಬೇಕಂದ್ರ ನಮ್ಮ ಮನಿಯಾಕೀನೂ ಸಂಜಿಗೆ ಹೊಂಟಾಳ, ಏಳು ಗಂಟೆಕ್ಕ. ಯಾವ ಸೆಕ್ಟರ್ ಅಂತ ಇಲ್ಲಿ ಬರೀಬ್ಯಾಡ್ರಿ, ಮೆಸೇಜ್ ಮಾಡ್ರಿ.

ನವನಗರದಾಕಿ
ಮಾಡ್ತೀನ್ರಿ ಅಣ್ಣಾರ. ಅತ್ತಿಯವ್ರೂ ಬರ್ತೀನಿ ಅನ್ನಾಕತ್ತಾರ, ಅವ್ರಿಗೆ 66 ವಯಸ್ಸು, ಎಡಗಾಲ ಮೊಣಕಾಲು ಹಿಡಿತೈತಿ. ಫಿಸಿಯೋ ತಮ್ಮಾ, ಕರ್ಕೊಂಡು ಹೋಗ್ಲ್ಯಾ?

ಫಿಸಿಯೋ_ತಮ್ಮ
ಕರ್ಕೊಂಡು ಹೋಗ್ರಿ ಅಕ್ಕಾರ. ಮೊದಲ ವಾರ 10 ನಿಮಿಷ, ಸಪಾಟ ರಸ್ತೆದಾಗ, ಏರು ಬ್ಯಾಡ. ಚಪ್ಪಲಿ ಸವೆದಿದ್ರ ಹಿಂದ ಪಟ್ಟಿ ಇರೂ ಮೆತ್ತನ್ನದು ಕೊಡಸ್ರಿ. ನಡದ ಮ್ಯಾಲ ಸ್ವಲ್ಪ ನೋವು ಇದ್ದು ಮರುದಿನ ಮುಂಜಾನಿಗೆ ಇಳಿದ್ರ ಚಿಂತಿ ಇಲ್ಲ. ಮರುದಿನಾನೂ ಉಳಿದ್ರ ಹೊತ್ತು ಕಡಿಮಿ ಮಾಡ್ರಿ. ಮೊಣಕಾಲು ಬಾತ್ರ, ನಡೀವಾಗ ಎದಿ ಹಿಡದ್ರ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಸ್ರಿ. ಬಿಪಿ ಚೆಕ್ ಮಾಡ್ಸಿ ಭಾಳ ದಿನ ಆಗಿದ್ರ ಶುರು ಮಾಡೂ ಮೊದ್ಲ ಒಮ್ಮಿ ಮಾಡಸ್ರಿ.